ಸದರಿ ಪದ ನಿವಾರಣಾ ಮೀಮಾಂಸೆ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯನ್ನು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಮಕ್ಕಳ ಮುಂದೆ ಓದುವಾಗ ತಲೆದೋರಬಹುದಾದ ‘ಶ್ರವಣಜನ್ಯ ಭಾವಾಘಾತ’ದ ನಿವಾರಣೋಪಾಯವೇ ಈ ಪ್ರಬಂಧದ ವಿಷಯ. ಚೋಮನ ಜಾತಿಯ ಹೆಸರನ್ನು ಇನ್ನು ಮುಂದೆ ‘ಸದರಿ ಪದ’ ಎಂದು ಕರೆಯಲಾಗುವುದು. ಕಲಿಕಾ ಫಲ, ರಚನಾವಾದ, ಸಂವೇದನಾಶೀಲ ಪಠ್ಯಾನುಸಂಧಾನ ಇವನ್ನೆಲ್ಲ ಶಿಕ್ಷಕರ ತರಬೇತಿ ಶಿಬಿರಗಳಲ್ಲಿ ಸಂಪನ್ಮೂಲ ವ್ಯಕ್ತಿಗಳ ಬಾಯಿಂದ ಊಟದ ಗಂಟೆಯ ತನಕ ಕೇಳಿ ಹಣ್ಣಾದವರಿಗೆ ಈ ಪರಿಭಾಷೆ ಹೊಸದಲ್ಲ.

ಸದರಿ ಪದದ ಪಠನವು ಚತುರ್ವಿಧ. ಮೊದಲನೆಯದು ಲೋಪಪಠನ: ಪದ ಕಂಡಕೂಡಲೇ ಮುಂದಿನ ಸಾಲಿಗೆ ಜಿಗಿಯುವುದು. ಎರಡನೆಯದು ಕಾಸಪಠನ: ಪದ ಬಂದಲ್ಲಿ ಕೆಮ್ಮುವುದು. ಯಾದಗಿರಿಯ ಬೇಸಿಗೆಯ ಧೂಳು ಇದಕ್ಕೆ ಪರಮ ಅನುಕೂಲ. ಮೂರನೆಯದು ಆದೇಶಪಠನ: ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸುವುದು. ಅಮೆರಿಕದಲ್ಲಿ 2011ರಲ್ಲಿ ಬಂದ ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಮುದ್ರಣವೊಂದರಲ್ಲಿ ಕರಿಯರನ್ನು ಹಳಿಯುವ ಪದವನ್ನು 219 ಕಡೆ ತೆಗೆದು ‘ಗುಲಾಮ’ ಎಂದು ಹಾಕಿದ್ದರು. ನಾವು ‘ಬಡವ’ ಎಂದರಾಯಿತು. ನಾಲ್ಕನೆಯದು... ಇರಲಿ ಬಿಡಿ.

ಪ್ರಯೋಗ: ಬಡವ ಚೋಮನಿಗೆ ಗೇಣಿಗೆ ಭೂಮಿ ಯಾಕೆ ಸಿಗಲಿಲ್ಲ? ಪಹಣಿ ತಕರಾರು. ಅವನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಂಡೆಯಲ್ಲಿದ್ದವರು ಯಾಕೆ ಎತ್ತಲಿಲ್ಲ? ಅವರಿಗೆ ಈಜು ಬಾರದು. ಕಲಿಕಾ ಫಲ: ಮಕ್ಕಳು ಈಜು ಕಲಿಯತಕ್ಕದ್ದು.

ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಮನೆಯ ಕಡೆ ತಲೆಹಾಕದ ಹುಡುಗನೊಬ್ಬ ಇದನ್ನು ನಂಬಲಿಲ್ಲ. “ದಂಡಿ ಮ್ಯಾಲ ಅಷ್ಟು ಮಂದಿ ಇದ್ರಲ್ರಿ ಸರ, ಒಬ್ಬರಿಗೂ ಈಸಾಕ ಬರ್ತಿದ್ದಿಲ್ಲೇನ್ರಿ?” ಪಕ್ಕದ ಹುಡುಗಿ ಅವನನ್ನು ಮೊಣಕೈಯಿಂದ ತಿವಿದಳು: “ಮುಟ್ಟಬೇಕಾಗ್ತಿತ್ತಲ್ಲೋ.”

ಅವಳಿಗೆ ಯಾರೂ ಸದರಿ ಪದ ಓದಿ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಓಣಿಯಲ್ಲಿ, ನಳದ ಸರದಿಯಲ್ಲಿ, ಬಸ್ಸಿನಲ್ಲಿ ಕೇಳಿಯೇ ಬೆಳೆದವಳು. ಆಗೆಲ್ಲ ಒಬ್ಬ ದೊಡ್ಡವರಾದರೂ ಕೆಮ್ಮಿದರೇ? ಚಹಾದಂಗಡಿಯಲ್ಲಿ ಲೋಟ ಬೇರೆ ಇಡುವ ಊರಿಗೆ ಭಾವಾಘಾತ ಹುಡುಕಿಕೊಂಡು ಯಾವ ಶಿಬಿರವೂ ಹೋಗಲಿಲ್ಲ. ಪುಸ್ತಕದಲ್ಲಿ ಬಂದಾಗ ಮಾತ್ರ ನಮ್ಮ ಕಿವಿ ಕೋಮಲವಾಗುತ್ತದೆ. ಪದ ಮುಚ್ಚಿದರೆ ಮಾನ ಉಳಿಯುವುದು ನೀಲನದ್ದಲ್ಲ, ದಂಡೆಯ ಮೇಲೆ ನಿಂತು ನೋಡಿದವರದ್ದು.

ಆ ಪದ ಬಂದಾಗ ಇಡೀ ತರಗತಿಯ ಕಣ್ಣು ಒಂದು ಮಗುವಿನ ಮೇಲೆ ಬೀಳುತ್ತದೆ, ಅದೂ ನಿಜ. ಆ ಮಗು ತಲೆ ತಗ್ಗಿಸುವುದನ್ನು ಕಂಡಿದ್ದೇನೆ. ಕೆಮ್ಮು ಅದಕ್ಕೆ ಮದ್ದಲ್ಲ. ಕೆಮ್ಮಿದರೆ ಇನ್ನೂ ಹೆಚ್ಚು ಜನ ತಿರುಗಿ ನೋಡುತ್ತಾರೆ.

ಮಾಸ್ತರರೇ, ಅಕ್ಕೋರೇ, ಕಾದಂಬರಿ ಸಣ್ಣದು, ಇಡಿಯಾಗಿ ಓದಿ. ಆ ಪದ ಬಂದಲ್ಲೆಲ್ಲ ಆಡಿದವರು ಯಾರು, ಯಾರಿಗೆ ಆಡಿದರು ಎಂದು ಮಕ್ಕಳನ್ನೇ ಕೇಳಿ. ಓದುವಾಗ ಮಾತ್ರ ಯಾವ ಮಗುವಿನ ಕಡೆಗೂ ನೋಡಬೇಡಿ.