ಬಾರದ ನೀರಿನ ಬೆಳೆ: ನವಲಗುಂದ ಸೀಮೆಯ ಜಲನ್ಯಾಯ ಪಾಂಡಿತ್ಯದ ಒಂದು ಕೃಷಿಶಾಸ್ತ್ರೀಯ ವಿವೇಚನೆ

ಎರೆಭೂಮಿಯ ಫಸಲುಗಳನ್ನು ಹೆಸರು, ಕಡಲೆ, ಹತ್ತಿ, ಕುಸುಬಿ, ಮೆಣಸಿನಕಾಯಿ ಎಂದು ಎಣಿಸಿಟ್ಟ ಕೃಷಿಶಾಸ್ತ್ರಜ್ಞರು ಆರನೆಯದೊಂದನ್ನು ಕೈಬಿಟ್ಟಿರುವುದು ವಿದ್ವತ್‌ಲೋಕದ ಅಕ್ಷಮ್ಯ ಲೋಪವಾಗಿದೆ. ಆ ಫಸಲೇ ಜಲನ್ಯಾಯಪಂಡಿತ, ಎಂದರೆ ಪರಿಸರ ಹಾಗೂ ನೀರಿನ ಕಾನೂನನ್ನು ಓದಿ, ಓದಿಸಿ, ಅದರ ದಂಡೆಯ ಮೇಲೆಯೇ ನಡೆದು ನಿವೃತ್ತಿವೇತನ ಮುಟ್ಟುವ ಅಧ್ಯಾಪಕ. ಉಳಿದ ಬೆಳೆಗಳು ನೀರು ಬಂದರೆ ಬದುಕುತ್ತವೆ; ಇದೊಂದು ಮಾತ್ರ ನೀರು ಬಾರದಿರುವ ತನಕ ಹುಲುಸಾಗಿ ಬೆಳೆಯುತ್ತದೆ.

ಇದರ ಬೀಜ ಸಂವಿಧಾನದ 262ನೆಯ ವಿಧಿಯಲ್ಲಿದೆ. ಅಂತರರಾಜ್ಯ ನದಿಗಳ ಜಗಳ ತೀರಿಸಲು ಸಂಸತ್ತು ಕಾನೂನು ಮಾಡಬಹುದು, ನ್ಯಾಯಾಲಯಗಳನ್ನು ಆ ಜಗಳದಿಂದ ದೂರವಿಡಲೂಬಹುದು ಎನ್ನುವ ಈ ವಿಧಿಯಿಂದ 1956ರ ಅಂತರರಾಜ್ಯ ಜಲವಿವಾದಗಳ ಕಾಯ್ದೆ ಹುಟ್ಟಿತು, ಕಾಯ್ದೆಯಿಂದ ನ್ಯಾಯಮಂಡಳಿಗಳು ಹುಟ್ಟಿದವು, ನ್ಯಾಯಮಂಡಳಿಗಳಿಂದ ಪಿಎಚ್.ಡಿ.ಗಳು ಹುಟ್ಟಿದವು. ಹೀಗಾಗಿ ಪಾಂಡಿತ್ಯಕ್ಕೆ ಬೇಕಾದದ್ದು ನೀರಲ್ಲ, ಎದುರಾಳಿ. ಕುಂದಗೋಳದ ಕಡೆಯಿಂದ ಬಂದು ನವಲಗುಂದ ತಾಲೂಕನ್ನು ಹಾಯ್ದು ಮಲಪ್ರಭೆಗೆ ಸೇರುವ ಬೆಣ್ಣಿಹಳ್ಳವು 2019ರ ಆಗಸ್ಟ್‌ನಲ್ಲಿ ಹೊಲ, ಮನೆ, ಬಣವೆಗಳನ್ನು ನುಂಗಿದರೂ, ಯಾವ ರಾಜ್ಯವೂ ಅದರ ಹೆಸರೆತ್ತಿ ಜಗಳಕ್ಕೆ ಬಾರದ ಕಾರಣ ಆ ಹಳ್ಳದ ದಂಡೆಯಲ್ಲಿ ಪ್ರಾಧ್ಯಾಪಕರು ಮೊಳೆಯಲಿಲ್ಲ.

ಈ ಶಾಸ್ತ್ರದಲ್ಲಿ ‘ಬೆಟರ್‌ಮೆಂಟ್ ಲೆವಿ’ ಎಂಬ ಪಾರಿಭಾಷಿಕ ಪದವೊಂದುಂಟು. ಕಾಲುವೆಯಿಂದ ಹೊಲದ ಬೆಲೆ ಏರಿದ್ದರಿಂದ ಆ ಏರಿಕೆಯಲ್ಲಿ ಸರಕಾರಕ್ಕೆ ಪಾಲು ಕೊಡತಕ್ಕದ್ದು ಎಂಬುದು ಅದರ ಅರ್ಥ. ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟಿತೋ ಇಲ್ಲವೋ ಎಂಬುದು ಅದರ ಅಡಿಟಿಪ್ಪಣಿ. ಮಲಪ್ರಭಾ ಅಚ್ಚುಕಟ್ಟಿನ ರೈತರು ಮೂಲಪಾಠವನ್ನು ಬಿಟ್ಟು ಅಡಿಟಿಪ್ಪಣಿಯನ್ನೇ ಓದಿದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಪೊಲೀಸರ ಗುಂಡು ಹಾರಿತು, ರೈತರು ಸತ್ತರು. ಈ ದಿನವನ್ನು ಸೀಮೆಯವರು ಹುತಾತ್ಮ ದಿನವೆಂದು ಇಂದಿಗೂ ಆಚರಿಸುತ್ತಾರೆ. ಇಲ್ಲಿ ಅಣಕಕ್ಕೆ ಎಡೆಯಿಲ್ಲವಾದ್ದರಿಂದ ಪ್ರಬಂಧವು ಮುಂದಕ್ಕೆ ಸಾಗುತ್ತದೆ.

ಬೆಳೆಗೆ ನಿಜವಾದ ಹಂಗಾಮು ಬಂದದ್ದು ಮಹದಾಯಿಯಿಂದ. ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವೆಯಲ್ಲಿ ಮಾಂಡೋವಿಯಾಗುವ ಈ ಹೊಳೆಯ ಕಳಸಾ, ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸುವ ಯೋಜನೆಯ ಜಗಳ ತೀರಿಸಲು 2010ರ ನವೆಂಬರ್‌ನಲ್ಲಿ ನ್ಯಾಯಮಂಡಳಿ ರಚನೆಯಾಗಿ, ತೀರ್ಪು 2018ರ ಆಗಸ್ಟ್ 14ರಂದು ಹೊರಬಿತ್ತು. ಇಷ್ಟು ಅವಧಿಯಲ್ಲಿ ಒಬ್ಬ ಸಂಶೋಧನ ವಿದ್ಯಾರ್ಥಿ ಪದವಿ ಪಡೆದು, ಮದುವೆಯಾಗಿ, ಮಗನನ್ನು ಒಂದನೇ ಇಯತ್ತೆಗೆ ಹಾಕಬಹುದು. ಕರ್ನಾಟಕಕ್ಕೆ ದೊರೆತದ್ದು 13.42 ಟಿಎಂಸಿ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಇದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ ಮೀಸಲಾದ ‘ವ್ಯಯವಾಗದ ಬಳಕೆ’. ಹೋಳಿಗೆಯ ತಾಟನ್ನು ಮುಂದಿಟ್ಟು, ಕಣ್ತುಂಬ ನೋಡಿಸಿ, ಹಿಂದಕ್ಕೊಯ್ಯುವ ಕ್ರಮಕ್ಕೆ ಈ ಹೆಸರು. 1.5 ಟಿಎಂಸಿ ಮಹದಾಯಿ ಕೊಳ್ಳದಲ್ಲೇ ಉಳಿಯತಕ್ಕದ್ದು. ಮಲಪ್ರಭೆಯತ್ತ ಬರಬೇಕಾದದ್ದು 3.9 ಟಿಎಂಸಿ, ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಸುಮಾರು 736 ಕೋಟಿ ಕೊಡ. ಪಂಡಿತರು ಟಿಎಂಸಿಯಲ್ಲಿಯೂ ಕೆರೆಯ ಮೆಟ್ಟಿಲಿಳಿಯುವ ಹೆಣ್ಣುಮಕ್ಕಳು ಕೊಡದಲ್ಲಿಯೂ ಎಣಿಸುವುದರಿಂದ ಎರಡೂ ಪಕ್ಷಗಳಿಗೆ ಈ ತನಕ ಭಿನ್ನಾಭಿಪ್ರಾಯ ಬಂದಿಲ್ಲ. ತೀರ್ಪು 2020ರ ಫೆಬ್ರುವರಿಯಲ್ಲಿ ರಾಜಪತ್ರದಲ್ಲಿ ಅಚ್ಚಾಯಿತು. ಜಗಳಕ್ಕಿಳಿದ ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರಿಂದ ಬೆಳೆಗೆ ಹಿಂಗಾರಿಯೂ ಸಿಕ್ಕಿತು.

ರಾಶಿ ಮಾಡುವ ಕಣಕ್ಕೆ ವಿಚಾರಸಂಕಿರಣವೆಂದು ಹೆಸರು. ಅನುದಾನ ಮಾರ್ಚ್ 31ಕ್ಕೆ ಮುಗಿಯುವುದರಿಂದ ಇದು ಕೆರೆಗಳ ತಳ ಬಿರಿಯುವ ಹೊತ್ತಿಗೇ ಸರಿಯಾಗಿ ನೆರವೇರುತ್ತದೆ. ತಾಲೂಕು ಊರಿನ ಯಾವುದೇ ಕಾಲೇಜನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು: ವೇದಿಕೆಯ ಮೇಲೆ ಶಾಲು, ಹಾರ, ಅರ್ಧ ಲೀಟರಿನ ಬಾಟಲಿಗಳು, ಪ್ರತಿ ವಿದ್ವಾಂಸನೂ ಎರಡು ಗುಟುಕು ಕುಡಿದು ಮುಚ್ಚಳ ತಿರುವಿಡುತ್ತಾನೆ. ಸಭೆ ಊಟಕ್ಕೆದ್ದ ಮೇಲೆ ಸಿಪಾಯಿಯು ಉಳಿದ ನೀರನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದು ಪಡಸಾಲೆಯ ತುಳಸಿ ಕುಂಡಕ್ಕೆ ಹಾಕುತ್ತಾನೆ. ಒಂದು ಕೊಳ್ಳದ ನೀರನ್ನು ಇನ್ನೊಂದಕ್ಕೆ ಒಯ್ಯುವ ಇದಕ್ಕೆ ಶಾಸ್ತ್ರದಲ್ಲಿ ಅಂತರ್‌ಕೊಳ್ಳ ವರ್ಗಾವಣೆಯೆಂದು ಹೆಸರಾಗಿದ್ದು, ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಅದು ಮೂರು ನಿಮಿಷಗಳಲ್ಲಿ ಪೂರ್ಣಗೊಳ್ಳುತ್ತದೆ. ಆಕ್ಷೇಪವೇ ಇಲ್ಲವೆಂದಲ್ಲ. ಕೆಳದಂಡೆಯ ಹಕ್ಕುದಾರಳು, ಎಂದರೆ ಮೇಲಿನವರು ಹರಿಬಿಟ್ಟದ್ದನ್ನು ಅನುಭವಿಸಬೇಕಾದವಳು, ಕಸಬರಿಗೆ ಹಿಡಿದು ಅಲ್ಲಿಯೇ ನಿಂತಿರುತ್ತಾಳೆ.

“ಸಾಕ್ ಬಿಡೋ ತಮ್ಮಾ, ಕುಂಡ ತುಂಬಿ ಹರಿಯಾಕ್ಹತ್ತೇತಿ. ಫರಸಿ ಈಗರ ಒರಸೇನಿ.”

ಸಿಪಾಯಿ ಬಕೆಟ್ ಎತ್ತುತ್ತಾನೆ, ವಿವಾದ ಅಲ್ಲಿಗೇ ತೀರುತ್ತದೆ. ಒಳಗೆ ಊಟ ಮುಗಿದು, ಎರಡನೆಯ ಗೋಷ್ಠಿಗೆ ಗಂಟೆ ಹೊಡೆಯುತ್ತದೆ.