‘ಲೋಫರ್’ ಶಬ್ದದ ಅರ್ಥನಿರ್ಣಯ: ಶಹಾಪುರ ಸೀಮೆಯನ್ನು ಅನುಲಕ್ಷಿಸಿ

ಶಹಾಪುರದ ಬಸ್ ಸ್ಟ್ಯಾಂಡಿನ ಎದುರು, ಒಂದು ಚಾ ಹೋಟೆಲಿನ ಹೊರಗೆ, ಮುರಿದ ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಬೆಂಚೊಂದಿದೆ. ಪ್ರಸ್ತುತ ಪ್ರಬಂಧದ ಕ್ಷೇತ್ರಕಾರ್ಯವೆಲ್ಲ ನಡೆದದ್ದು ಅದರ ಮೇಲೆಯೇ. ಅಧ್ಯಯನಕ್ಕೆ ಕೂತ ನಾಲ್ಕನೆಯ ದಿನ ನಮ್ಮ ಮಾವನವರು ರಸ್ತೆಯ ಆಚೆಯಿಂದ ನಮ್ಮನ್ನು ಕಂಡು, ಜೊತೆಗಿದ್ದವರಿಗೆ ‘ನಮ್ಮ ಅಳಿಯಾನೂ ಲೋಫರ್ ಆದ ನೋಡ್ರಿ’ ಎಂದರಂತೆ. ಸಂಶೋಧಕನು ವಿಷಯದೊಡನೆ ತಾದಾತ್ಮ್ಯ ಹೊಂದಬೇಕು ಎನ್ನುತ್ತಾರೆ. ನಮಗೆ ಅದು ನಾಲ್ಕೇ ದಿನದಲ್ಲಿ ಸಿದ್ಧಿಸಿತು.

ಮೊದಲು ವ್ಯುತ್ಪತ್ತಿ. ಇಲ್ಲಿ ಎರಡು ಪಕ್ಷಗಳಿವೆ. ಪಾಶ್ಚಾತ್ಯ ಪಕ್ಷದ ಪ್ರಕಾರ ಈ ಶಬ್ದ 1830ರ ಸುಮಾರಿಗೆ ಅಮೆರಿಕದಲ್ಲಿ ತಲೆಯೆತ್ತಿತು. ಅಲೆಮಾರಿ ಎಂಬರ್ಥದ ‘ಲಾಂಡ್‌ಲಾಯ್ಫರ್’ ಎಂಬ ಜರ್ಮನ್ ಮಾತು ಇದರ ಮೂಲವಿರಬಹುದು. 1855ರಲ್ಲಿ ವಾಲ್ಟ್ ವಿಟ್ಮನ್ ತಾನು ಸುಮ್ಮನೆ ಅಡ್ಡಾಗಿ ಹುಲ್ಲಿನ ಎಸಳು ನೋಡುತ್ತಿದ್ದುದನ್ನೇ ಬರೆದು ಮಹಾಕವಿಯಾದ. ನಮ್ಮಲ್ಲಿ ಹೊಲದ ಬದುವಿನ ಮೇಲೆ ಹಾಗೆ ಅಡ್ಡಾದವರಿಗೆ ಹೊಲದವರು ಕೊಟ್ಟ ಬಿರುದುಗಳನ್ನು ಇಲ್ಲಿ ಅಚ್ಚು ಹಾಕಿಸುವಂತಿಲ್ಲ.

ದೇಶೀ ಪಕ್ಷ ಇನ್ನೂ ಗಟ್ಟಿಯಾದದ್ದು. ಹಳ್ಳಿಯ ಬಾಯಲ್ಲಿ ಈ ಶಬ್ದ ‘ಲೋಪರ’. ಲೋಪ ಉಳ್ಳವನೇ ಲೋಪರ. ಜರ್ಮನಿಯವರೆಗೆ ಹೋಗುವ ಬಸ್ ಚಾರ್ಜು ಉಳಿಯಿತು. ಹದಿಮೂರನೆಯ ಶತಮಾನದ ಕೇಶಿರಾಜನಿಗೆ ಈ ಬೆಂಚು ಕಾಣಸಿಕ್ಕಿದ್ದರೆ ‘ಶಬ್ದಮಣಿದರ್ಪಣ’ದ ಸಂಧಿಪ್ರಕರಣಕ್ಕೆ ಉದಾಹರಣೆ ಹುಡುಕುವ ಕಷ್ಟ ತಪ್ಪುತ್ತಿತ್ತು. ದೂರದಲ್ಲಿ ಅಪ್ಪನ ಟೊಪ್ಪಿಗೆ ಕಂಡ ಕೂಡಲೆ ತುದಿಯಲ್ಲಿ ಕೂತವನು ಮಾಯವಾಗುವುದು ಲೋಪಸಂಧಿ. ಕರೆಯದೆ ಬಂದು ಇಬ್ಬರ ನಡುವೆ ತೂರಿ ಕೂಡುವುದು ಆಗಮಸಂಧಿ. ಚಾ ಕುಡಿದವನೊಬ್ಬ, ದುಡ್ಡು ಕೊಡುವ ಹೊತ್ತಿಗೆ ಅವನ ಜಾಗದಲ್ಲಿ ಇನ್ನೊಬ್ಬ ನಿಂತಿದ್ದರೆ ಅದು ಆದೇಶಸಂಧಿ. ನಾವು ಮೂರನೆಯದನ್ನು ಅತಿ ಹೆಚ್ಚು ಸಲ ಅನುಭವಿಸಿದೆವು.

ಈ ಶಬ್ದಕ್ಕೆ ಇನ್ನೊಂದು ವಿಶೇಷವಿದೆ. ಮಧ್ಯಮ ಪುರುಷದಲ್ಲಿ ‘ನೀ ಲೋಫರ್’ ಎಂದೂ, ಪ್ರಥಮ ಪುರುಷದಲ್ಲಿ ‘ಅಂವ ಲೋಫರ್’ ಎಂದೂ ಧಾರಾಳವಾಗಿ ಬಳಸುತ್ತಾರೆ. ‘ನಾ ಲೋಫರ್’ ಎಂದವನು ನಮಗೆ ಒಬ್ಬನೂ ಸಿಗಲಿಲ್ಲ. ಉತ್ತಮ ಪುರುಷ ಲೋಫರ್ ಆಗಲಾರ ಎಂದು ವ್ಯಾಕರಣವೇ ಹೇಳಿದ ಮೇಲೆ ನಾವು ಹೇಳುವುದೇನು?

ಇತಿಹಾಸ ನೋಡಿದರೆ ಈ ಶಬ್ದದ ಬೈಗುಳ ಮೊದಲು ಬಿದ್ದದ್ದು ನಮಗಲ್ಲ. ಹತ್ತೊಂಬತ್ತನೆಯ ಶತಮಾನದ ಹಿಂದುಸ್ತಾನದಲ್ಲಿ ರೈಲ್ವೆ, ಹಡಗು, ಪಲ್ಟನ್ನುಗಳಿಂದ ಕಳಚಿಕೊಂಡು ಊರೂರು ಅಲೆಯುತ್ತಿದ್ದ ಬಿಳಿಯರಿಗೆ ಸಾಹೇಬರೇ ಇಟ್ಟ ಹೆಸರು ಲೋಫರ್. ದೊರೆಗಳ ಕುಲದವನು ಕರಿಯರ ಮುಂದೆ ಕೈಚಾಚಿದರೆ ದೊರೆತನದ ಗತಿಯೇನು? ಅದಕ್ಕೇ 1869ರಲ್ಲೊಮ್ಮೆ, 1874ರಲ್ಲಿ ಮತ್ತೊಮ್ಮೆ ‘ಯುರೋಪಿಯನ್ ವೇಗ್ರನ್ಸಿ ಆ್ಯಕ್ಟ್’ ಎಂಬ ಕಾಯ್ದೆಯನ್ನೇ ಮಾಡಿ, ಅಂಥವರನ್ನು ಹಿಡಿದು ದುಡಿಮೆಮನೆಗೆ ಹಾಕಿದರು, ಕೆಲವರನ್ನು ಹಡಗು ಹತ್ತಿಸಿದರು. ಕಿಪ್ಲಿಂಗ್ 1888ರಲ್ಲಿ ಬರೆದ ಕಥೆಯೊಂದರಲ್ಲಿ ಇಂಥ ಇಬ್ಬರು ಬೆಟ್ಟಗಳಾಚೆ ಹೋಗಿ ರಾಜರೇ ಆಗುತ್ತಾರೆ. ನಮ್ಮ ಬೆಂಚಿನಿಂದ ಎದ್ದು ಯಾರೂ ಇನ್ನೂ ರಾಜರಾಗಿಲ್ಲ. ನಗರಸಭೆಗೆ ನಿಲ್ಲುವ ಮಾತು ಮಾತ್ರ ದಿನಾ ನಡೆಯುತ್ತದೆ.

ಸಾಲದ ಲೆಕ್ಕವನ್ನೂ ಹೇಳಿಬಿಡಬೇಕು. ಪಕ್ಕದ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ, ಇಂದಿಗೂ ‘ಟೇಲರ್ ಮಂಜಿಲ್’ ಎಂಬ ಬಂಗಲೆಯಿಂದ ನೆನಪಿನಲ್ಲಿರುವ ಮೆಡೋಸ್ ಟೇಲರ್ 1839ರಲ್ಲಿ ಠಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ‘ಠಗ್’ ಎಂಬ ಮಾತನ್ನು ಇಂಗ್ಲಿಷರ ಬಾಯಲ್ಲಿ ಕೂಡಿಸಿದ. ಕೊಟ್ಟದ್ದು ಠಗ್, ಬಂದದ್ದು ಲೋಫರ್. ವ್ಯಾಪಾರ ಸಮಸಮ.

ಹಾಗೆಂದು ನಮ್ಮಲ್ಲಿ ಬೈಗುಳದ ಬರ ಇತ್ತೆಂದಲ್ಲ. 1948ರವರೆಗೆ ಇದು ನಿಜಾಮನ ಸೀಮೆ. ಕಚೇರಿಯ ಉರ್ದುವಿನ ಜೊತೆ ಬೈಗುಳವೂ ಬಂತು. ಬೇಕಾರ ಎಂದರೆ ಕೆಲಸವಿಲ್ಲದವನು. ಕೆಲಸ ಸಿಕ್ಕರೆ ವಾಸಿಯಾಗುತ್ತದೆ. ನಾಲಾಯಕ ಎಂದರೆ ಯೋಗ್ಯತೆಯಿಲ್ಲದವನು. ಕೆಲಸ ಸಿಕ್ಕ ಮೇಲೆ ಉಲ್ಬಣಿಸುತ್ತದೆ. ಉಡಾಳ ಎಂಬುದರಲ್ಲಿ ತುಸು ಮುದ್ದಿದೆ, ಅದನ್ನು ಅವ್ವ ಬಳಸುತ್ತಾಳೆ. ಲೋಫರ್ ಅಪ್ಪನ ಶಬ್ದ. ಮಗನ ಕಾಲೇಜು ಫೀಸು ತುಂಬಿದವನಿಗೆ ಇಂಗ್ಲಿಷಿನಲ್ಲಿ ಬೈಯುವ ಹಕ್ಕು ತಾನಾಗಿ ಬರುತ್ತದೆ. ಬೂಟಿನಂಗಡಿಯಲ್ಲಿ ಕೂದಲು ನಿಲ್ಲಿಸಿಕೊಂಡ ಹುಡುಗನೊಬ್ಬ, ‘ಲೇಸ್ ಇಲ್ಲದ್ದು ಬೇಕ್ರಿ, ಲೋಫರ್ ತೋರಸ್ರಿ’ ಅಂದ. ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ತಲೆಯೆತ್ತದೆ ಹೇಳಿದರು: ‘ಅಂವಗ ಮೊದಲ ಕನ್ನಡಿ ತೋರಸ್ರಿ.’ ಅಂಗಡಿಯವನು ನಿಜವಾಗಿಯೂ ಕನ್ನಡಿ ತಂದಿಟ್ಟ, ಬೂಟು ನೋಡಿಕೊಳ್ಳುವ ಗಿಡ್ಡ ಕನ್ನಡಿ. ಅದರಲ್ಲಿ ಮೊಣಕಾಲಿನ ತನಕ ಮಾತ್ರ ಕಾಣುತ್ತಿತ್ತು.

ಇನ್ನು ಲಕ್ಷಣ. ಸುಮ್ಮನೆ ಕೂಡುವುದೇ ಲೋಫರ್‌ತನ ಎನ್ನಲಾಗದು. ನಮ್ಮ ಸೀಮೆಯ ಮುದನೂರಿನ ದೇವರ ದಾಸಿಮಯ್ಯನೂ ದಿನವೆಲ್ಲ ಕೂತೇ ಇದ್ದ. ಆದರೆ ಮುಂದೆ ಮಗ್ಗವಿತ್ತು. ನಮ್ಮ ಬೆಂಚಿನ ಮುಂದೆ ಬಸ್ ಸ್ಟ್ಯಾಂಡಿದೆ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಇಲ್ಲಿ ಕೂಡುವ ಹುಡುಗನೇ ಹೊಲದಲ್ಲಿ ರೈತ. ಗೇಟು ಇಳಿಸಿದ ಮೇಲೆ ಬೆಂಚಿನಲ್ಲಿ ಲೋಫರ್. ಚುನಾವಣೆ ಬಂದರೆ ಫ್ಲೆಕ್ಸಿನಲ್ಲಿ ಕೈಮುಗಿದ ‘ಯುವ ಮುಖಂಡ’. ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ, ಹತ್ತು ತಿಂಗಳು ಸೆಂಟ್ರಿಂಗ್ ಕೆಲಸ ಮಾಡಿ, ಜಾತ್ರೆಗೆಂದು ಬಂದು ಎಂಟು ದಿನ ಇಲ್ಲಿ ಕೂತವನಿಗೂ ಅದೇ ಹೆಸರು. ಹಾಗೆ ಹೆಸರಿಡುವವರು ಎದುರಿನ ಗುಡಿಕಟ್ಟೆಯ ಮೇಲಿರುತ್ತಾರೆ. ಅವರು ಅಲ್ಲಿ ಕೂತು ಹನ್ನೆರಡು ವರ್ಷವಾಯಿತು. ಅವರನ್ನು ‘ಹಿರಿಯರು’ ಎನ್ನುತ್ತಾರೆ. ಬೆಂಚಿಗೂ ಕಟ್ಟೆಗೂ ನಡುವೆ ಇರುವುದು ರಸ್ತೆಯೊಂದೇ.

ಮತ್ತೆ ಶಹಾಪುರದ ಬೆಟ್ಟವೇ ಮಲಗಿದೆಯಲ್ಲ! ಹೆದ್ದಾರಿಯಿಂದ ನೋಡಿದರೆ ಅಂಗಾತ ಮಲಗಿದ ಬುದ್ಧ. ಜನ ಬಸ್ಸಿನ ಕಿಟಕಿಯಿಂದಲೇ ಕೈಮುಗಿಯುತ್ತಾರೆ. ಹತ್ತಿರದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಬಂಡೆಗಳು ಸಾಲುಸಾಲಾಗಿ ಕೂತಿವೆ. ಅವು ಯಾವ ಕೆಲಸಕ್ಕೆಂದು ಯಾರಿಗೂ ಖಚಿತವಿಲ್ಲ. ಅವನ್ನು ಎಬ್ಬಿಸಿದರೆ ಶಿಕ್ಷೆ ಎಂಬ ಬೋರ್ಡನ್ನು ಪುರಾತತ್ವ ಇಲಾಖೆಯವರು ಹಾಕುತ್ತಾರೆ. ಬೆಂಚಿನ ಹುಡುಗರನ್ನು ಎಬ್ಬಿಸುವುದಕ್ಕೆ ಹೋಟೆಲಿನವನು ಒಂದು ಬಕೆಟ್ ನೀರು ಇಟ್ಟುಕೊಂಡಿದ್ದಾನೆ.

ಈ ದಿಕ್ಕಿನಲ್ಲಿ ಮುಂದೆ ಸಂಶೋಧನೆ ಮಾಡಬಯಸುವವರಿಗೆ ಒಂದು ಮಾತು: ಬೆಂಚಿನ ಇಟ್ಟಿಗೆ ಕೊಟ್ಟ ಬದಿಗೆ ಕೂಡಬೇಡಿರಿ. ಅಲ್ಲಿ ಕೂತವನೇ ಎಲ್ಲರ ಚಾ ದುಡ್ಡು ಕೊಡಬೇಕೆಂಬ ರೂಢಿಯಿದೆ.