ಸೈಕಾಲಜಿ ಆನರ್ಸ್ ಓದುವವಳ ಅಪ್ಪ

ನಮ್ಮ ಬೀದಿಯಲ್ಲಿ ಸೈಕಾಲಜಿ ಓದದವರೆಲ್ಲರೂ ಸೈಕಾಲಜಿಸ್ಟುಗಳೇ. ಹಾಲಿನವನು ಬೆಲ್ ಒತ್ತುವ ರೀತಿಯಲ್ಲೇ ಅವನ ಮನೆಯಲ್ಲಿ ಜಗಳವಾಗಿದೆ ಎಂದು ಪಕ್ಕದ ಮನೆಯಾಕೆ ಹೇಳಬಲ್ಲರು. ಎದುರು ಮನೆಯ ನಿವೃತ್ತ ಮೇಷ್ಟ್ರು ಕೈಬರಹ ನೋಡಿ ಗುಣ ಹೇಳುತ್ತಾರೆ. ನಮ್ಮಮ್ಮನಿಗೆ ಅಷ್ಟೂ ಬೇಡ. ತೊಟ್ಟಿಲಿಗೆ ಹಾಕುವ ದಿನವೇ ಮಗುವಿನ ಮುಖ ನೋಡಿ ‘ಇದು ಹಟಮಾರಿ, ಆದರೆ ಬುದ್ಧಿವಂತ’ ಎಂದು ಜೀವನಪೂರ್ತಿ ನಿಲ್ಲುವ ತೀರ್ಪು ಕೊಟ್ಟುಬಿಡುತ್ತಾರೆ. ‘ಅಜ್ಜಿ, ಕನ್ನಡ, ಮರಾಠಿ ಮಕ್ಕಳಿಗೆ ಅಂತ ಮಾಡಿದ ಬಿನೆ-ಕಾಮತ್ ಬುದ್ಧಿಪರೀಕ್ಷೆ ಕೂಡ ಮೂರು ವರ್ಷ ತುಂಬೋವರೆಗೂ ಕಾಯುತ್ತೆ’ ಎಂದು ಒಬ್ಬಳು ಮಾತ್ರ ಹೇಳುತ್ತಾಳೆ. ಯಾರ ಮನಸ್ಸಿನಲ್ಲಿ ಏನಿದೆಯೆಂದು ಹೇಳಲು ಇಡೀ ಬೀದಿಯಲ್ಲಿ ಅವಳೊಬ್ಬಳಿಗೇ ಬರುವುದಿಲ್ಲ. ಅವಳು ನನ್ನ ಮಗಳು. ಬಿ.ಎ. ಆನರ್ಸ್, ಸೈಕಾಲಜಿ.

ನಮ್ಮ ರಾಜ್ಯದಲ್ಲಿ ಈ ಆನರ್ಸಿಗೆ ಆಯಸ್ಸು ಕಮ್ಮಿ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ನಾಲ್ಕು ವರ್ಷದ ಆನರ್ಸ್ ಬಂತು. 2024ರಲ್ಲಿ ಮೂರು ವರ್ಷದ ಡಿಗ್ರಿಯೇ ಸಾಕೆಂದು ಸರ್ಕಾರ ಹಿಂದಕ್ಕೆ ತಿರುಗಿತು. ನಡುವೆ ಸೇರಿಕೊಂಡಿದ್ದವರು ಇಷ್ಟವಿದ್ದರೆ ನಾಲ್ಕನೆಯ ವರ್ಷವನ್ನೂ ಓದಬಹುದಿತ್ತು. ನಮ್ಮ ಹುಡುಗಿಗೆ ಇಷ್ಟವಿತ್ತು. ‘ಸರ್ಕಾರವೇ ಬೇಡ ಅಂದಮೇಲೂ ಓದ್ತೀಯಾ?’ ಎಂದು ನನ್ನ ಭಾವಮೈದ ಕೇಳಿದ. ‘ಮಾವ, ರಿಸರ್ಚ್ ಇರೋದೇ ನಾಲ್ಕನೇ ವರ್ಷದಲ್ಲಿ’ ಎಂದಳು. ರಿಸರ್ಚ್ ಎಂದರೆ ಮನೆಮಂದಿಯ ಮೇಲೆ ಎಂಬುದು ಆಗ ನಮಗೆ ಹೊಳೆದಿರಲಿಲ್ಲ.

ಮೈಸೂರಿನವರಾಗಿ ನಾವು ಸೈಕಾಲಜಿಗೆ ಹೆದರುವಂತೆಯೂ ಇಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಈ ವಿಭಾಗ ಶುರುವಾದರೆ, ನಮ್ಮ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಬಂತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರವೊಂದನ್ನು ಶುರುಮಾಡಿದವರೂ ಅವರೇ. ‘ಆಕಾಶವಾಣಿ’ ಎಂಬ ಹೆಸರು ಮೊದಲು ಆ ಪುಟ್ಟ ಕೇಂದ್ರದ್ದು. ಮನಸ್ಸಿನ ಮಾತು ಹಿಡಿಯುವುದಕ್ಕಿಂತ ಗಾಳಿಯಲ್ಲಿ ಹೋಗುವ ಮಾತು ಹಿಡಿಯುವುದು ಸುಲಭ ಎಂದು ಪ್ರೊಫೆಸರಿಗೆ ಅನ್ನಿಸಿತ್ತೋ ಏನೋ. ‘ಕೊರವಂಜಿ’ ಎಂಬ ನಗೆಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, ಮನೋವೈದ್ಯಕೀಯ ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗುವುದಕ್ಕೂ ಮನಸ್ಸಿಗೂ ಈ ನಾಡಿನಲ್ಲಿ ಹಳೆಯ ನಂಟಿದೆ ಎನ್ನುವ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮಗಳು ಸೀಟು ಹಿಡಿದ ಸುದ್ದಿ ಹರಡಿದ್ದೇ ತಡ, ಮನೆಗೆ ಬಂದವರೆಲ್ಲ ಕಾಫಿ ಲೋಟ ಕೆಳಗಿಟ್ಟು, ಅವಳ ಮುಂದೆ ನೆಟ್ಟಗೆ ಕೂತು, ‘ನನ್ನ ಮನಸ್ಸಿನಲ್ಲಿ ಈಗ ಏನಿದೆ ಹೇಳು ನೋಡೋಣ’ ಎನ್ನತೊಡಗಿದರು. ‘ಗೊತ್ತಿಲ್ಲ’ ಎಂದರೆ, ‘ಇನ್ನೂ ಫಸ್ಟ್ ಇಯರ್ರು, ಮುಂದೆ ಬರುತ್ತೆ ಬಿಡು’ ಎಂದು ಸಮಾಧಾನ ಹೇಳುವರು. ನಾಲ್ಕನೆಯ ವರ್ಷಕ್ಕೆ ಬಂದರೂ ಉತ್ತರ ‘ಗೊತ್ತಿಲ್ಲ’ ಎಂದೇ ಇದ್ದುದರಿಂದ ಕಾಲೇಜಿನ ಬಗ್ಗೆಯೇ ಅನುಮಾನ ಶುರುವಾಯಿತು. ಮಾತ್ರೆ ಬರೆದುಕೊಡೆಂದು ಬಂದವರೂ ಇದ್ದಾರೆ. ಮಾತ್ರೆ ಬರೆಯಲು ಎಂ.ಬಿ.ಬಿ.ಎಸ್. ಓದಿ ಆಮೇಲೆ ಮನೋವೈದ್ಯರಾಗಬೇಕು, ಚಿಕಿತ್ಸೆ ಕೊಡುವ ಸೈಕಾಲಜಿಸ್ಟ್ ಆಗಲು ಈ ಡಿಗ್ರಿಯಾದ ಮೇಲೂ ವರ್ಷಗಟ್ಟಲೆ ಓದು, ತರಬೇತಿ, ನೋಂದಣಿ ಇವೆ ಎಂದು ಅವಳು ಪಟ್ಟಿ ಒಪ್ಪಿಸುವಷ್ಟರಲ್ಲಿ ಬಂದವರು ಚಪ್ಪಲಿ ಹುಡುಕುತ್ತಿರುತ್ತಾರೆ.

ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಆರ್ಟ್ಸ್ ಸೇರಿದವರನ್ನು ಸೈಕಾಲಜಿ ಹಿಂಬಾಗಿಲಲ್ಲಿ ಕಾದು ಹಿಡಿಯುತ್ತದೆ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಟಿ-ಟೆಸ್ಟ್, ಕೈ-ಸ್ಕ್ವೇರ್. ಫ್ರಾಯ್ಡ್‌ನ ಕನಸುಗಳನ್ನು ಓದಬಹುದೆಂದು ಹೋದವಳಿಗೆ ರಾತ್ರಿ ಕನಸಿನಲ್ಲೂ 0.05 ಬರತೊಡಗಿತು. ಏನಿದು ಎಂದು ಕೇಳಿದೆ. ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದಾಗ, ಬರೀ ಆಕಸ್ಮಿಕವಾಗಿಯೇ ಇಷ್ಟು ದೊಡ್ಡ ವ್ಯತ್ಯಾಸ ಕಾಣಿಸುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ ಇದ್ದರೆ ಮಾತ್ರ ಸೈಕಾಲಜಿಯವರು ಬಾಯಿ ಬಿಡುತ್ತಾರಂತೆ. ಇದು ಊಟದ ಮನೆಗೂ ಬಂತು. ‘ಇವತ್ತಿನ ಸಾರು ನಿನ್ನೆಯದಕ್ಕಿಂತ ಚೆನ್ನಾಗಿದೆ ಅಲ್ವೇನೆ?’ ಎಂದಳು ನನ್ನ ಹೆಂಡತಿ. ‘ಎರಡೇ ದಿನದ ಸಾರಿನಿಂದ ಹೇಳಕ್ಕಾಗಲ್ಲಮ್ಮ, ಸ್ಯಾಂಪಲ್ ಚಿಕ್ಕದಾಯ್ತು.’ ‘ಸರಿ, ನಾಳೆಯಿಂದ ಒಂದು ತಿಂಗಳು ನೀನೇ ಮಾಡು, ಸ್ಯಾಂಪಲ್ ದೊಡ್ಡದಾಗುತ್ತೆ.’ ಆವತ್ತಿನಿಂದ ಸಾರಿನ ವಿಷಯದಲ್ಲಿ ಸಂಖ್ಯಾಶಾಸ್ತ್ರದ ಸದ್ದಿಲ್ಲ.

ಪ್ರಾಕ್ಟಿಕಲ್ಸ್ ಬಂದಾಗ ಮನೆಯ ಬಣ್ಣವೇ ಬದಲಾಯಿತು. ಇವರಿಗೆ ಕಪ್ಪೆ, ಜಿರಲೆ ಬೇಡ, ಬದುಕಿರುವ ಮನುಷ್ಯರೇ ಬೇಕು. ಕೂತು ಪ್ರಯೋಗ ಮಾಡಿಸಿಕೊಳ್ಳುವ ಪ್ರಾಣಿಗೆ ‘ಸಬ್ಜೆಕ್ಟ್’ ಎನ್ನುತ್ತಾರೆ. ಕನ್ನಡಿಯಲ್ಲಿ ನೋಡಿ ಚಿತ್ರ ತಿದ್ದುವ ಪ್ರಯೋಗಕ್ಕೆ ಕಾಲೇಜಿನ ಉಪಕರಣ ಮನೆಗೆ ಕೊಡುವುದಿಲ್ಲವಾದ್ದರಿಂದ, ನನ್ನ ಗಡ್ಡ ಕೆರೆಯುವ ಕನ್ನಡಿಯನ್ನು ಡಿಕ್ಷನರಿಗೆ ಒರಗಿಸಿ, ಸ್ವೀಟ್ ಬಾಕ್ಸಿನ ರಟ್ಟನ್ನು ಕೈಗೆ ಮರೆಯಾಗಿ ನಿಲ್ಲಿಸಿ ಅವಳೇ ಒಂದನ್ನು ಮಾಡಿಕೊಂಡಳು. ಹಾಳೆಯ ಮೇಲೆ ಜೋಡಿ ಗೆರೆಯ ನಕ್ಷತ್ರ. ನಕ್ಷತ್ರವನ್ನು ನೇರ ನೋಡುವಂತಿಲ್ಲ, ಕನ್ನಡಿಯಲ್ಲೇ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಗೆರೆ ತಾಕಿದರೆ ಒಂದು ತಪ್ಪು. ಪಕ್ಕದಲ್ಲಿ ಸ್ಟಾಪ್‌ವಾಚ್.

ದಿನಾ ಬೆಳಗ್ಗೆ ಹೊಸಿಲ ಮುಂದೆ ಚುಕ್ಕಿ ಇಟ್ಟು ಎಳೆ ಎಳೆಯುವ ನಮ್ಮಮ್ಮ, ‘ನಕ್ಷತ್ರ ತಾನೇ, ಕಣ್ಣು ಮುಚ್ಚಿ ಬಿಡ್ತೀನಿ’ ಎಂದು ಕೂತರು. ಮೊದಲ ಗೆರೆ ಹೇಗೋ ಹೋಯಿತು. ಮೂಲೆಗೆ ಬಂದದ್ದೇ ಪೆನ್ಸಿಲ್ ಮೊಂಡು ಹಿಡಿಯಿತು. ಮೇಲಕ್ಕೆ ಎಂದರೆ ಕೆಳಕ್ಕೆ, ಕೆಳಕ್ಕೆ ಎಂದರೆ ಇನ್ನೂ ಕೆಳಕ್ಕೆ. ಮೂಲೆಯಲ್ಲಿ ಕೊರೆದು ಕೊರೆದು ಹಾಳೆಯೇ ತೂತಾಯಿತು. ‘ಕನ್ನಡಿ ಸರಿಯಿಲ್ಲ’ ಎಂದರು. ಮೂರು ದಿನ ಅಭ್ಯಾಸ ಮಾಡಿಸಿದ ಮೇಲೆ ಸಲೀಸಾಗಿ ಬಂತು. ಪ್ರಯೋಗ ಮುಗಿದಮೇಲೆ ಸಬ್ಜೆಕ್ಟಿನ ಅಂತರಂಗವನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ವುಂಟ್ ಮಹಾಶಯನ ಕಾಲದಿಂದ ಬಂದ ಪದ್ಧತಿ. ಇಡೀ ತರಗತಿಯ ರೆಕಾರ್ಡ್ ಪುಸ್ತಕಗಳಲ್ಲಿ ಅಲ್ಲಿ ಬರೆದಿರುವುದು ಒಂದೇ ವಾಕ್ಯ: ‘ಪ್ರಯೋಗವು ಆಸಕ್ತಿಕರವಾಗಿತ್ತು.’ ನಮ್ಮಮ್ಮ ಮಾತ್ರ ಶಾಸ್ತ್ರಕ್ಕೆ ನಿಷ್ಠರಾಗಿ, ‘ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಯ್ತು’ ಎಂದು ಬರೆಸಿ ಅಡುಗೆಮನೆಗೆ ಓಡಿದರು.

ಈ ನಕ್ಷತ್ರಕ್ಕೆ ದೊಡ್ಡ ಚರಿತ್ರೆಯೇ ಇದೆ. ಹೆನ್ರಿ ಮೊಲೇಸನ್ ಎಂಬ ಅಮೆರಿಕದವನಿಗೆ 1953ರಲ್ಲಿ ಮೂರ್ಛೆರೋಗಕ್ಕೆಂದು ಮಿದುಳಿನ ಶಸ್ತ್ರಚಿಕಿತ್ಸೆಯಾಗಿ, ಹೊಸದೇನೂ ನೆನಪಿನಲ್ಲಿ ನಿಲ್ಲದಂತಾಯಿತು. ಬ್ರೆಂಡಾ ಮಿಲ್ನರ್ ಅವನಿಗೆ ಇದೇ ನಕ್ಷತ್ರ ತಿದ್ದಿಸಿದರು. ಹಿಂದೆ ತಿದ್ದಿದ್ದೆ ಎಂಬ ನೆನಪೇ ಅವನಿಗಿಲ್ಲ, ಆದರೂ ದಿನದಿಂದ ದಿನಕ್ಕೆ ಕೈ ಪಳಗುತ್ತಾ ಹೋಯಿತು. ನೆನಪು ಒಂದೇ ಬಗೆಯದಲ್ಲ ಎಂದು ಗೊತ್ತಾದದ್ದು ಹೀಗೆ. ಇದನ್ನು ಕೇಳಿ ನಮ್ಮಮ್ಮ, ‘ತಲೆ ಮರೆತರೂ ಕೈ ಮರೆಯಲ್ಲ ಅನ್ನೋದಕ್ಕೆ ಅಷ್ಟೆಲ್ಲ ಮಾಡಬೇಕಿತ್ತಾ, ನನ್ನ ಕೇಳಿದ್ರೆ ಹೇಳ್ತಿದ್ದೆ’ ಎಂದರು.

ಅಮ್ಮ ಕೇಳಿದ್ದಕ್ಕೆಲ್ಲ ಹೇಳುತ್ತಾರೆ ಎಂಬುದೇ ತೊಡಕು. ಗೌರಿ ಹಬ್ಬಕ್ಕೆ ನೆಂಟರೆಲ್ಲ ಸೇರಿದ್ದರು. ಮಗಳು ಎಲ್ಲರಿಗೂ ಒಂದಿಷ್ಟು ಪ್ರಶ್ನೆ ಕೊಟ್ಟು ಉತ್ತರ ಬರೆಸಿಕೊಂಡಳು. ಊಟವಾದ ಮೇಲೆ ಒಬ್ಬೊಬ್ಬರ ಕೈಗೂ ಹೆಸರು ಬರೆದ ಲಕೋಟೆ. ನಿಮ್ಮ ಗುಣ ಇದರಲ್ಲಿದೆ, ಎಷ್ಟು ಸರಿಯಾಗಿದೆ ಐದಕ್ಕೆ ಅಂಕ ಕೊಡಿ ಎಂದಳು. ಹೊರಗೆ ಗಟ್ಟಿ ಕಂಡರೂ ಒಳಗೆ ಮೆತ್ತಗಿನವರು, ಯೋಗ್ಯತೆಗೆ ತಕ್ಕ ಮನ್ನಣೆ ಇನ್ನೂ ಸಿಕ್ಕಿಲ್ಲ, ಬೇಗ ನಂಬುತ್ತೀರಿ, ಮೋಸಹೋದರೆ ಮರೆಯುವುದಿಲ್ಲ. ಚಿಕ್ಕಪ್ಪನ ಕಣ್ಣಲ್ಲಿ ನೀರಾಡಿತು. ‘ಇಷ್ಟು ವರ್ಷ ಸಂಸಾರ ಮಾಡಿದ ಇವಳಿಗೆ ತಿಳೀಲಿಲ್ಲ, ಈ ಮಗೂಗೆ ತಿಳೀತು’ ಎಂದು ಐದಕ್ಕೆ ಐದು ಕೊಟ್ಟರು. ಚಿಕ್ಕಮ್ಮ ಮಾತಿಲ್ಲದೆ ತಮ್ಮ ಲಕೋಟೆಯನ್ನು ಅವರ ಮುಂದೆ ಹಿಡಿದರು. ಅಕ್ಷರ ವ್ಯತ್ಯಾಸವಿಲ್ಲ. ಎಲ್ಲರದ್ದೂ ಒಂದೇ. 1948ರಲ್ಲಿ ಬರ್ಟ್ರಮ್ ಫೋರರ್ ಅಮೆರಿಕದಲ್ಲಿ ತನ್ನ ವಿದ್ಯಾರ್ಥಿಗಳಿಗೆ ಮಾಡಿದ್ದೂ ಇದನ್ನೇ. ಜ್ಯೋತಿಷ್ಯದ ಪುಸ್ತಕದಿಂದ ವಾಕ್ಯ ಆರಿಸಿ ಎಲ್ಲರಿಗೂ ಒಂದನ್ನೇ ಹಂಚಿದ್ದ. ಅವರು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26.

ಗುಟ್ಟು ರಟ್ಟಾದರೂ ನಮ್ಮಮ್ಮ ಅಳುಕಲಿಲ್ಲ. ‘ಒಂದೇ ವಂಶ, ಒಂದೇ ಗುಣ. ಹುಟ್ಟುಗುಣ ಸುಟ್ಟರೂ ಹೋಗಲ್ಲ’ ಎಂದರು.

‘ನಾನು ಬೇರೆ ವಂಶದಿಂದ ಬಂದವಳು’ ಎಂದರು ಚಿಕ್ಕಮ್ಮ.

‘ಬಂದು ಎಷ್ಟು ವರ್ಷ ಆಯ್ತು? ಸಹವಾಸದಿಂದ ಸನ್ಯಾಸಿ ಕೆಟ್ಟ.’

ಮಗಳು ಕೈಮುಗಿದಳು. ಅನುವಂಶಿಕತೆಯೋ ಪರಿಸರವೋ ಎಂದು ಅವಳ ಶಾಸ್ತ್ರ ನೂರು ವರ್ಷಕ್ಕೂ ಮೇಲ್ಪಟ್ಟು ತಲೆ ಕೆಡಿಸಿಕೊಂಡಿರುವ ಪ್ರಶ್ನೆಯನ್ನು ಅಜ್ಜಿ ಎರಡು ಗಾದೆಯಲ್ಲಿ ಎರಡೂ ಕಡೆಗೆ ತೀರ್ಮಾನ ಮಾಡಿಬಿಟ್ಟಿದ್ದರು. ‘ನಿನ್ನ ಹತ್ರ ಎಲ್ಲದಕ್ಕೂ ಒಂದೊಂದು ಗಾದೆ ಇದೆ ಅಜ್ಜಿ. ಯಾವತ್ತೂ ತಪ್ಪೋದಕ್ಕೆ ಸಾಧ್ಯವೇ ಇಲ್ಲ. ನಮಗೆ ಕಾಲೇಜಲ್ಲಿ ಕಲಿಸೋದು ಹೇಗೆ ತಪ್ಪಬಹುದು ಅಂತ ಮೊದಲೇ ಬರೆದಿಡೋದನ್ನ’ ಎಂದಳು. ಫೀಸು ಕಟ್ಟಿದ್ದು ಯಾತಕ್ಕೆಂದು ನನಗೆ ಅರ್ಥವಾದದ್ದು ಆಗ.

ಕೊನೆಯ ವರ್ಷದ ಡಿಸರ್ಟೇಷನ್ನಿಗೆ ನಾನೂ ಸಬ್ಜೆಕ್ಟುಗಳಲ್ಲೊಬ್ಬ. ಮೇಜಿನ ಮೇಲೆ ಮೊಬೈಲ್ ಬೋರಲು ಬಿದ್ದಿದ್ದರೂ ಓದಿದ್ದು ನೆನಪಿನಲ್ಲಿ ನಿಲ್ಲುವುದು ಕಡಿಮೆಯಾಗುತ್ತದೆಯೇ ಎಂಬುದು ವಿಷಯ. ಮೊದಲು ಒಪ್ಪಿಗೆ ಪತ್ರ. ಯಾವಾಗ ಬೇಕಾದರೂ, ಕಾರಣ ಹೇಳದೆ, ಹಿಂದೆ ಸರಿಯಬಹುದು ಎಂದಿತ್ತು. ಇಷ್ಟು ಮರ್ಯಾದೆ ನನಗೆ ಆಫೀಸಿನಲ್ಲೂ ಸಿಕ್ಕಿರಲಿಲ್ಲ. 1961ರಲ್ಲಿ ಯೇಲ್‌ನಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಶುರುಮಾಡಿದ ಪ್ರಯೋಗದಲ್ಲಿ, ‘ಮುಂದುವರಿಸಿ’ ಎಂದ ಮಾತ್ರಕ್ಕೆ 40 ಜನರಲ್ಲಿ 26 ಮಂದಿ ಇನ್ನೊಬ್ಬನಿಗೆ 450 ವೋಲ್ಟ್ ಶಾಕ್ ಕೊಡುವ ಸ್ವಿಚ್ಚಿನವರೆಗೂ ಹೋಗಿದ್ದರಂತೆ. ಶಾಕ್ ಸುಳ್ಳು, ಸ್ವಿಚ್ ಒತ್ತಿದವರ ಸಂಕಟ ನಿಜ. ಅಂಥ ಪ್ರಯೋಗಗಳ ಮೇಲೆ ಗಲಾಟೆಯೆದ್ದ ಮೇಲೆ ಸಬ್ಜೆಕ್ಟುಗಳಿಗೆ ಈ ರಕ್ಷಣೆ. ಸಹಿ ಹಾಕಿ ಓದಲು ಕೂತೆ, ಪಕ್ಕದಲ್ಲಿ ಮೊಬೈಲ್ ಬೋರಲು.

ಕೊನೆಗೆ ಫಲಿತಾಂಶ ಬಂತು. ಗಣನೀಯ ವ್ಯತ್ಯಾಸವಿಲ್ಲ.

‘ವರ್ಷಾನುಗಟ್ಟಲೆ ಕೂತು ಏನೂ ಇಲ್ಲ ಅಂತ ಕಂಡುಹಿಡಿದ್ಯಾ?’ ಎಂದರು ನಮ್ಮಮ್ಮ.

‘ಏನೂ ಇಲ್ಲ ಅಂತಲೂ ಹೇಳಕ್ಕಾಗಲ್ಲ ಅಜ್ಜಿ. ಇದೆ ಅನ್ನೋದಕ್ಕೆ ಸಾಕ್ಷಿ ಸಿಗಲಿಲ್ಲ, ಅಷ್ಟೇ.’

ಅಮ್ಮ ಮೊಮ್ಮಗಳ ತಲೆ ನೇವರಿಸಿ, ರಾತ್ರಿ ಮಲಗುವ ಮುಂಚೆ ದೃಷ್ಟಿ ತೆಗೆದರು.

ಈಚೆಗೆ ಸಾಕ್ಷಿ ಕೇಳುವ ಮಗಳ ಚಾಳಿ ನನಗೂ ಅಂಟಿದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗ್ ಮುಗಿಸಿ ಗೆಳೆಯರು ಬೆಂಚಿನ ಮೇಲೆ ಕೂತಿದ್ದರು. ‘ಈಗಿನ ಹುಡುಗರಿಗೆ ತಾಳ್ಮೆಯೇ ಇಲ್ಲ’ ಎಂದರು ಒಬ್ಬರು. ಉಳಿದವರು ತಲೆಯಾಡಿಸಿದರು. ‘ಎಷ್ಟು ಹುಡುಗರನ್ನ ನೋಡಿ ಹೇಳ್ತಿದ್ದೀರಿ? ಆಗಿನ ಹುಡುಗರ ತಾಳ್ಮೆ ಅಳೆದಿಟ್ಟೋರು ಯಾರು?’ ಎಂದು ಕೇಳಿಬಿಟ್ಟೆ. ಯಾರೂ ಮಾತಾಡಲಿಲ್ಲ. ಮರುದಿನ ನಾನು ಹೋಗುವಷ್ಟರಲ್ಲಿ ಅವರೆಲ್ಲ ಮುಂದಿನ ಬೆಂಚಿಗೆ ವರ್ಗವಾಗಿದ್ದರು. ನನ್ನನ್ನು ನೋಡಿ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ಕಿವಿಗೆ ಬಿತ್ತು: ‘ಪಾಪ, ಸೈಕಾಲಜಿ ಓದ್ತಿರೋದು ಮಗಳು. ಕೆಟ್ಟಿರೋದು ಇವರ ತಲೆ.’ ಒಬ್ಬನೇ ಸಬ್ಜೆಕ್ಟನ್ನು ನೋಡಿ ಹಾಗೆಲ್ಲ ತೀರ್ಮಾನಕ್ಕೆ ಬರಬಾರದು ಎಂದು ಹೇಳಬೇಕೆನಿಸಿತು. ಆದರೆ ಆ ಕಡೆ ಇನ್ನು ಖಾಲಿ ಬೆಂಚುಗಳಿರಲಿಲ್ಲ.